ಸಿನಿಮಾ ಪ್ರೊಡಕ್ಷನ್ ಕಲಿಯಲು ಬೆಂಗಳೂರಿಗೇ ಹೋಗಬೇಕಾ?

ಓದುಗರ ಪ್ರಶ್ನೆ: ನಮ್ಮೂರು ಬಾಗಲಕೋಟೆ ಹತ್ತಿರ. ಬಿ.ಕಾಂ ಮುಗಿದಿದೆ. ನಟನೆ ಬರಲ್ಲ, ಕ್ಯಾಮೆರಾನೂ ಗೊತ್ತಿಲ್ಲ. ಆದರೂ ಸಿನಿಮಾದಲ್ಲೇ ಕೆಲಸ ಮಾಡುವ ಆಸೆ. ಬೆಂಗಳೂರಿಗೆ ಹೊರಟುಬಿಡಲಾ?

ಉತ್ತರ: ಒಂದಲ್ಲ ಒಂದು ದಿನ ಹೋಗಬೇಕಾಗುತ್ತೆ. ಆದರೆ ಈಗಲೇ ಬೇಡ. ಮತ್ತೆ, ಆ ಬಿ.ಕಾಂ ಸುಮ್ನೆ ಹೋಗುವುದಿಲ್ಲ. ಪ್ರೊಡಕ್ಷನ್ ಅಂದರೆ ಅರ್ಧ ಲೆಕ್ಕ, ಅರ್ಧ ಜನರನ್ನು ಸಂಭಾಳಿಸುವುದು. ಯಾರ ಕಾಲ್‌ಶೀಟ್ (ಶೂಟಿಂಗ್‌ಗೆ ಕೊಟ್ಟ ದಿನಗಳು) ಯಾವಾಗ, ಜನರೇಟರ್ ಎಷ್ಟು ಗಂಟೆಗೆ, ತಿಂಡಿ ಎಲ್ಲಿಂದ, ಬಾಟಾ (ದಿನದ ಭತ್ಯೆ) ಎಷ್ಟು, ಎಲ್ಲಾ ಪ್ರೊಡಕ್ಷನ್ ಮ್ಯಾನೇಜರ್ ತಲೆಮೇಲೆ.

ನಾನು ಹುಡುಗರಿಗೆ ಹೇಳಿಕೊಡುವಾಗ ಮೊದಲು ಕ್ಯಾಮೆರಾ ಕೊಡುವುದಿಲ್ಲ. ನಾಲ್ಕು ಪುಟದ ಸ್ಕ್ರಿಪ್ಟ್ ಕೊಟ್ಟು, ಯಾವ ಸೀನ್ ಯಾವತ್ತು ಅನ್ನುವ ಶೆಡ್ಯೂಲ್ ಹಾಕಿಕೊಂಡು ಬನ್ನಿ ಅಂತೇನೆ. ಪುಟಕ್ಕೆ ಸುಮಾರು ಒಂದು ನಿಮಿಷದ ಸಿನಿಮಾ ಅನ್ನುವುದು ಈ ಕಸುಬಿನ ಅಂದಾಜು. ಎಲ್ಲರೂ ಒಂದನೇ ಸೀನಿನಿಂದಲೇ ಬರೆಯಲು ಶುರು ಮಾಡುತ್ತಾರೆ. ಶೂಟಿಂಗ್ ಹಾಗೆ ನಡೆಯಲ್ಲ.

ಬಾದಾಮಿಯನ್ನೇ ತಗೊಳ್ಳಿ. ಅಲ್ಲಿನ ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ಎರಡು ಸೀನ್ ಇವೆ, ಒಂದು ಕಥೆಯ ಶುರುವಿಗೆ, ಇನ್ನೊಂದು ಕೊನೆಗೆ. ಎರಡನ್ನೂ ಒಂದೇ ದಿನ ಮುಗಿಸಬೇಕು, ಇಲ್ಲಾಂದ್ರೆ ಗಾಡಿ ಬಾಡಿಗೆ ಎರಡು ಸಲ. ಭೂತನಾಥ ಗುಡಿ ಇರುವುದು ಕೆರೆಯ ಪೂರ್ವಕ್ಕೆ, ಮುಖ ಪಶ್ಚಿಮಕ್ಕೆ. ಅದರ ಮುಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಗುಡಿ ಕಾಣುವ ಶಾಟ್ ಸಂಜೆಗೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು. ಆ ಹೊತ್ತಿಗೆ ಮಾತಿನ ಸೀನ್ ಇಟ್ಟರೆ ಸೌಂಡ್ ರೆಕಾರ್ಡಿಸ್ಟ್ ನಿಮ್ಮನ್ನೇ ಒಗೆಯುತ್ತಾರೆ! ಮಂಗಗಳ ಕಾಟ ಬೇರೆ. ತಿಂಡಿ ಪೊಟ್ಟಣ ಕಾಯಲಿಕ್ಕೇ ಒಬ್ಬ ಹುಡುಗ ಬೇಕು, ಅವನ ಬಾಟಾನೂ ಬಜೆಟ್‌ನಲ್ಲಿ ಬರಬೇಕು. ಅಲ್ಲಿನ ಗುಹೆಗಳಿಗಾಗಲಿ, ವಿಜಯಪುರದ ಗೋಳಗುಮ್ಮಟಕ್ಕಾಗಲಿ ಸಿನಿಮಾ ಶೂಟಿಂಗ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಶುಲ್ಕವೂ ಇದೆ. ಕಲಿಯುವವರಿಗೆ ನಿಮ್ಮೂರ ಸಂತೆ ಸಾಕು.

ಐದು ನಿಮಿಷದ ಕಿರುಚಿತ್ರವನ್ನು ಗೆಳೆಯರ ಜೊತೆ ಮೊಬೈಲಿನಲ್ಲೇ ಮಾಡಿ. ಒಂದು ಲೆಕ್ಕದ ಪುಸ್ತಕ ಇಡಿ: ಒಂದು ಕಾಲಂನಲ್ಲಿ ಅಂದಾಜು, ಪಕ್ಕದಲ್ಲಿ ಆದ ಖರ್ಚು. ಬೆಂಗಳೂರಿನಲ್ಲಿ ಕೆಲಸ ಕೇಳುವಾಗ ಚಿತ್ರಕ್ಕಿಂತ ಆ ಪುಸ್ತಕವನ್ನೇ ಮೊದಲು ತೋರಿಸಿ. ಜನವರಿ ಸುಮಾರಿಗೆ ಬನಶಂಕರಿ ಜಾತ್ರೆ ಬರುತ್ತೆ. ಅಲ್ಲಿ ಟೆಂಟ್ ಹಾಕುವ ನಾಟಕ ಕಂಪನಿಯ ಮ್ಯಾನೇಜರ್ ಹಿಂದೆ ಒಂದು ದಿನ ಓಡಾಡಿ ನೋಡಿ. ಈ ಕೆಲಸವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಕೋರ್ಸ್ ಬೇಕೇ ಬೇಕು ಅಂದರೆ, ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಕ್ಯಾಮೆರಾ, ಸೌಂಡ್ ಡಿಪ್ಲೊಮಾ ಇದೆ. 1960ರಲ್ಲಿ ಶುರುವಾದ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ ಬೆಳಗಾವಿಯವರಿಗೆ ಬೆಂಗಳೂರಿಗಿಂತ ಹತ್ತಿರ. ಆದರೆ ನಿಮಗೆ ಹೊಂದುವುದು ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ. ಅಲ್ಲಿ ಪ್ರೊಡ್ಯೂಸಿಂಗ್‌ಗೇ ಬೇರೆ ವಿಭಾಗವಿದೆ. ಡಿಗ್ರಿ ಆದವರು ಪ್ರವೇಶ ಪರೀಕ್ಷೆ ಬರೆಯಬೇಕು.