ಉದ್ದ, ಅಗಲ ಹುಡುಕದೆಯೇ ವಿಸ್ತೀರ್ಣ

ಒಂದು ಆಯತ. ಅದರ ಸುತ್ತಳತೆ 28 ಸೆಂಟಿಮೀಟರ್, ಕರ್ಣ 10 ಸೆಂಟಿಮೀಟರ್. ವಿಸ್ತೀರ್ಣ ಎಷ್ಟು?

ಹೋಂವರ್ಕಿನಲ್ಲಿ ಈ ಲೆಕ್ಕ ಸಿಕ್ಕರೆ ಹೆಚ್ಚಿನವರು ನೇರವಾಗಿ ಉದ್ದ, ಅಗಲ ಹುಡುಕಲು ಹೊರಡುತ್ತಾರೆ. ಅದೂ ಸರಿಯಾದ ದಾರಿಯೇ, ಆದರೆ ವರ್ಗ ಸಮೀಕರಣ ಬಿಡಿಸಬೇಕಾಗುತ್ತದೆ. ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಕೇಳಿರುವುದು ವಿಸ್ತೀರ್ಣ, ಅಂದರೆ ಉದ್ದ ಅಗಲಗಳ ಗುಣಲಬ್ಧ ಮಾತ್ರ. ಎರಡನ್ನೂ ಬೇರೆಬೇರೆಯಾಗಿ ಯಾರೂ ಕೇಳಿಲ್ಲ, ಅಲ್ವಾ?

ಉದ್ದಕ್ಕೆ 'ಉ', ಅಗಲಕ್ಕೆ 'ಅ' ಎಂದು ಹೆಸರಿಡೋಣ. ಸುತ್ತಳತೆಯ ಅರ್ಧ ಉ + ಅ = 14. ಕರ್ಣ ಎಳೆದರೆ ಲಂಬಕೋನ ತ್ರಿಭುಜ ಸಿಗುತ್ತದೆ. ಪೈಥಾಗೊರಸ್ ಪ್ರಮೇಯದಿಂದ ಉ² + ಅ² = 100.

ಈಗ 14 ಸೆಂಟಿಮೀಟರ್ ಬಾಹುವಿನ ಒಂದು ಚೌಕ ಬರೆಯಿರಿ. ಮೇಲಿನ ಬದಿಯನ್ನೂ ಎಡ ಬದಿಯನ್ನೂ ಉ, ಅ ಎಂದು ಭಾಗ ಮಾಡಿ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆಯಿರಿ. ಒಳಗೆ ನಾಲ್ಕು ತುಂಡು. ಉ ಬಾಹುವಿನ ಚೌಕ, ಅ ಬಾಹುವಿನ ಚೌಕ, ಉಳಿದ ಎರಡೂ ನಮ್ಮ ಆಯತವೇ! ದೊಡ್ಡ ಚೌಕ 196. ಚಿಕ್ಕ ಚೌಕಗಳು ಸೇರಿ 100. ಮಿಕ್ಕ 96ರಲ್ಲಿ ಎರಡು ಆಯತಗಳಿವೆ. ಹಾಗಾಗಿ ಒಂದರ ವಿಸ್ತೀರ್ಣ 48 ಚದರ ಸೆಂಟಿಮೀಟರ್.

(ಉ + ಅ)² ಅಂದರೆ ಉ² + ಅ² ಎಂದು ಬರೆದುಬಿಡುವುದು ಬೀಜಗಣಿತದಲ್ಲಿ ತುಂಬಾ ಸಾಮಾನ್ಯವಾದ ತಪ್ಪು. ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಿಸುವುದರಿಂದ ಅದು ಹೋಗುವುದಿಲ್ಲ ಎಂದೇ ನನ್ನ ನಂಬಿಕೆ. ಚಿತ್ರ ಬರೆದವರಿಗೆ ಆ ಎರಡು ಆಯತಗಳು ಕಣ್ಣಿಗೇ ಕಾಣುತ್ತವೆ. ಬಿಟ್ಟರೆ ಜಾಗ ಖಾಲಿ ಉಳಿಯುತ್ತದೆ.

9ನೇ ಶತಮಾನದಲ್ಲಿ ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿ ಹೀಗೇ ಚಿತ್ರ ಬರೆದು ಸಮೀಕರಣ ಬಿಡಿಸಿ ತೋರಿಸಿದ. ಆಗ ಸಮ ಚಿಹ್ನೆಯೂ ಇರಲಿಲ್ಲ. ಅದು ಅಚ್ಚಿಗೆ ಬಂದದ್ದು 1557ರಲ್ಲಿ, ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್‌ನಿಂದ. ಅಲ್-ಖ್ವಾರಿಜ್ಮಿಯದು ಎಲ್ಲವೂ ಮಾತಿನಲ್ಲೇ. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯ 10 ಪಟ್ಟನ್ನು ಕೂಡಿಸಿದರೆ 39. ಸಂಖ್ಯೆ ಯಾವುದು?

ಮೊದಲು ಆ ಸಂಖ್ಯೆಯೇ ಬಾಹುವಾದ ಚೌಕ ಬರೆಯಿರಿ. 10 ಪಟ್ಟನ್ನು ಐದೈದಾಗಿ ಒಡೆದು, ಚೌಕದ ಬಲಕ್ಕೊಂದು, ಕೆಳಕ್ಕೊಂದು 5 ಅಗಲದ ಪಟ್ಟಿ ಸೇರಿಸಿ. ಒಟ್ಟು 39. ಒಂದು ಮೂಲೆ ಮಾತ್ರ ಖಾಲಿ. ಆ ಮೂಲೆ 5 × 5 = 25. ಅದನ್ನೂ ತುಂಬಿದರೆ 64 ಚದರದ ಪೂರ್ತಿ ಚೌಕ, ಬಾಹು 8. ಐದನ್ನು ಕಳೆದರೆ ಉತ್ತರ 3. ವರ್ಗವನ್ನು ಪೂರ್ಣಗೊಳಿಸುವುದು ಎಂದು ನಾವು ಓದುವ ವಿಧಾನ ಇದೇ. ಪೂರ್ಣವಾಗುವುದು ನಿಜವಾದ ಒಂದು ಚೌಕ!

ಆದರೆ ಚಿತ್ರ ಒಂದನ್ನು ತೋರಿಸುವುದಿಲ್ಲ. 64ರ ವರ್ಗಮೂಲ −8 ಕೂಡ ಹೌದು. ಅದರಿಂದ ಐದನ್ನು ಕಳೆದರೆ −13. ಹಾಕಿ ನೋಡಿ: 169 − 130 = 39, ಸರಿಯಾಗಿದೆ. ಉದ್ದ ಋಣವಾಗಲು ಆಗದು, ಆದ್ದರಿಂದ ಅಲ್-ಖ್ವಾರಿಜ್ಮಿ ಈ ಉತ್ತರವನ್ನು ಕೊಡಲಿಲ್ಲ. ಋಣಸಂಖ್ಯೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಹೋಂವರ್ಕಿನಲ್ಲಿ ಬಾಹುವಿನ ಉದ್ದ ಕೇಳಿದ್ದರೆ 3 ಮಾತ್ರ ಬರೆಯಿರಿ. ಬರೀ ಸಂಖ್ಯೆ ಕೇಳಿದ್ದರೆ ಎರಡನ್ನೂ ಬರೆಯಬೇಕು.