ಬೇರಿಂಗ್ ಜಲಸಂಧಿಗೆ ಅಣೆಕಟ್ಟು: ಅಂದು ಐಸ್ ಕರಗಿಸಲು, ಇಂದು ಕಡಲ ಪ್ರವಾಹ ಉಳಿಸಲು

ರಷ್ಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿಯ ಅಗಲ ಸುಮಾರು 85 ಕಿ.ಮೀ. ಆಳ ಮಾತ್ರ ತೀರಾ ಕಡಿಮೆ, 50 ಮೀಟರ್ ಆಸುಪಾಸು. ಇಷ್ಟು ಆಳವಿಲ್ಲದ ಕಡಲು ಅಲ್ವಾ, ಅಡ್ಡ ಗೋಡೆ ಎಬ್ಬಿಸಿಬಿಡೋಣ ಅನ್ನುವ ಆಸೆ ಹುಟ್ಟಿದ್ದೇ ಅದರಿಂದ.

ಕಡಲ ಪ್ರವಾಹವನ್ನು ತಿರುಗಿಸುವ ಕನಸು ಇನ್ನೂ ಹಳೆಯದು. 1912ರಲ್ಲೇ ಅಮೆರಿಕದ ಕ್ಯಾರೊಲ್ ರೈಕರ್ ನ್ಯೂಫೌಂಡ್‌ಲ್ಯಾಂಡ್ ಬಳಿ 200 ಮೈಲಿ ಉದ್ದದ ಕಟ್ಟೆ ಹಾಕಿ ಅಟ್ಲಾಂಟಿಕ್‌ನ ಬೆಚ್ಚನೆ ಪ್ರವಾಹ ಗಲ್ಫ್ ಸ್ಟ್ರೀಮ್‌ಗೆ ದಾರಿ ತೋರಿಸಲು ಹೊರಟಿದ್ದರು.

1950ರ ದಶಕದಲ್ಲಿ ಸೋವಿಯತ್ ಇಂಜಿನಿಯರ್ ಪ್ಯೋತ್ರ್ ಬೋರಿಸೋವ್ ಬೇರಿಂಗ್ ಮೇಲೆ ಕಣ್ಣಿಟ್ಟರು. ಅಣೆಕಟ್ಟು ಕಟ್ಟಿ, ದೊಡ್ಡ ಪಂಪುಗಳಿಂದ ಆರ್ಕ್ಟಿಕ್‌ನ ತಣ್ಣೀರನ್ನು ಪೆಸಿಫಿಕ್‌ಗೆ ಎತ್ತಿ ಸುರಿದರೆ, ಆ ಜಾಗ ತುಂಬಲು ಅಟ್ಲಾಂಟಿಕ್‌ನ ಬೆಚ್ಚನೆ ನೀರು ನುಗ್ಗಿ ಬರುತ್ತದೆ, ಮಂಜುಗಡ್ಡೆ ಕರಗುತ್ತದೆ, ಸೈಬೀರಿಯಾದ ಚಳಿ ಇಳಿಯುತ್ತದೆ ಅನ್ನುವುದು ಅವರ ಲೆಕ್ಕ. ಒಮ್ಮೆ ಕರಗಿದ್ದು ಮತ್ತೆ ಹೆಪ್ಪುಗಟ್ಟುವುದಿಲ್ಲ ಅಂತಲೂ ನಂಬಿದ್ದರು: ಬಿಳಿ ಐಸ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪು ಕಡಲು ಹೀರಿಕೊಳ್ಳುತ್ತದೆ. ಅಣೆಕಟ್ಟೇ ಇಲ್ಲದೆ ಇವತ್ತು ಆರ್ಕ್ಟಿಕ್ ಜಾಸ್ತಿ ಬಿಸಿಯಾಗುತ್ತಿರುವುದಕ್ಕೆ ಇದೂ ಒಂದು ಕಾರಣ. ಆಗ ಅದನ್ನೇ ಪ್ರಗತಿ ಅಂದುಕೊಂಡಿದ್ದರು, ನೆನೆದರೆ ಎದೆ ಝಲ್ಲೆನ್ನುತ್ತದೆ.

ಈಗ ಅದೇ ಗೋಡೆ ಬೇರೆ ಕಾರಣಕ್ಕೆ ಮತ್ತೆ ಮಾತಿಗೆ ಬಂದಿದೆ. ಪೆಸಿಫಿಕ್‌ನಿಂದ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಘನ ಮೀಟರ್ ನೀರು ಇಲ್ಲಿಂದ ಉತ್ತರಕ್ಕೆ ಹರಿಯುತ್ತದೆ. ಅದರಲ್ಲಿ ಉಪ್ಪು ಕಡಿಮೆ. ಅದು ಸುತ್ತಿಕೊಂಡು ಉತ್ತರ ಅಟ್ಲಾಂಟಿಕ್ ಸೇರಿದಾಗ ಅಲ್ಲಿನ ಮೇಲ್ನೀರು ಹಗುರವಾಗುತ್ತದೆ, ಹಗುರ ನೀರು ಸುಲಭಕ್ಕೆ ಮುಳುಗುವುದಿಲ್ಲ. ಮೇಲ್ನೀರು ಮುಳುಗಿದ ಜಾಗಕ್ಕೇ ದಕ್ಷಿಣದ ಬೆಚ್ಚನೆ ನೀರು ಬರುವುದು; ಮುಳುಗದಿದ್ದರೆ ಯುರೋಪನ್ನು ಬೆಚ್ಚಗಿಡುವ ಪ್ರವಾಹ ಸೊರಗುತ್ತದೆ. ಹಾಗಾಗಿ ಜಲಸಂಧಿ ಮುಚ್ಚಿದರೆ ಆ ಪ್ರವಾಹ ಉಳಿಯಬಹುದೇ ಅಂತ ನೆದರ್ಲ್ಯಾಂಡ್ಸ್‌ನ ಸಂಶೋಧಕರು ಕಂಪ್ಯೂಟರ್ ಮಾಡೆಲ್‌ನಲ್ಲಿ ನೋಡಿದರು. ಪ್ರವಾಹ ಇನ್ನೂ ಗಟ್ಟಿಯಿರುವಾಗ ಮುಚ್ಚಿದರೆ ಉಪಯೋಗ, ಸೊರಗಿದ ಮೇಲೆ ಮುಚ್ಚಿದರೆ ಕುಸಿತವೇ ಬೇಗ ಬರಬಹುದು. ಈಗ ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದರಲ್ಲೇ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಇಷ್ಟರ ಮೇಲೆ ಗೋಡೆ ಕಟ್ಟುವ ಧೈರ್ಯ ನನಗಂತೂ ಸರಿ ಕಾಣುವುದಿಲ್ಲ.

ಜಲಸಂಧಿಯ ನಡುವೆ ಅಮೆರಿಕದ ಲಿಟಲ್ ಡಯೊಮೀಡ್ ಅನ್ನುವ ಕಲ್ಲುದ್ವೀಪವಿದೆ. ಅಲಾಸ್ಕಾದ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಪುಟ್ಟ ಹಳ್ಳಿ ಅಲ್ಲಿದೆ. ನಾಲ್ಕೇ ಕಿ.ಮೀ. ಆಚೆ ರಷ್ಯಾದ ಬಿಗ್ ಡಯೊಮೀಡ್ ಕಾಣುತ್ತದೆ. ಇವರ ಊಟ ವಾಲ್ರಸ್, ಸೀಲ್ ಬೇಟೆಯಿಂದ. ವಸಂತದಲ್ಲಿ ಬೋಹೆಡ್ ತಿಮಿಂಗಿಲಗಳು ಉತ್ತರಕ್ಕೆ ಹೋಗುವುದೂ, ಚಳಿ ಶುರುವಾದಾಗ ಮರಳುವುದೂ ಇದೇ ಬಾಗಿಲಿನಿಂದ.