ಈ ಫೈಲ್ ಯಾರದ್ದು?

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. ಓಪನ್‌ಎಸ್‌ಎಸ್‌ಎಲ್ ಅಂದರೆ ವೆಬ್ ಸಂಪರ್ಕವನ್ನು ಗುಟ್ಟಾಗಿಡಲು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್, ಅಂದರೆ ಲೈಬ್ರರಿ. ಈ ದೋಷದಿಂದ ಸರ್ವರ್‌ನ ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ಹೊರಗಿನವರು ಓದಬಹುದಿತ್ತು. ಸರ್ವರ್ ನೋಡಿಕೊಳ್ಳುವವರಿಗೆಲ್ಲ ಅದು ನಿದ್ದೆಗೆಟ್ಟ ವಾರ. ನಾನೂ ಒಂದೊಂದೇ ಯಂತ್ರಕ್ಕೆ ಲಾಗಿನ್ ಆಗಿ ಅಪ್‌ಡೇಟ್ ಹಾಕುತ್ತಾ ಹೋದೆ. ಡೆಬಿಯನ್ ಎಂಬ ಲಿನಕ್ಸ್ ಇದ್ದ ಒಂದು ಸರ್ವರ್‌ನಲ್ಲಿ ಅಪ್‌ಡೇಟ್ ಸಲೀಸಾಗಿ ಮುಗಿಯಿತು. ಹೊರಗಿನಿಂದ ಪರೀಕ್ಷಿಸಿದರೆ ದೋಷ ಹಾಗೇ ಇತ್ತು. ಸರ್ವೀಸ್ ರೀಸ್ಟಾರ್ಟ್ ಮಾಡಿದೆ. ಆಗಲೂ ಹಾಗೇ. ತುಂಬಾ ಹೊತ್ತು ಹುಡುಕಿದ ಮೇಲೆ ಗೊತ್ತಾಯಿತು: ಹಿಂದೆ ಯಾರೋ ಓಪನ್‌ಎಸ್‌ಎಸ್‌ಎಲ್‌ನ ಸೋರ್ಸ್ (ಮೂಲ ಕೋಡ್) ತಂದು, ತಾವೇ ಕಂಪೈಲ್ ಮಾಡಿ, ‘/ಯುಎಸ್‌ಆರ್/ಲೋಕಲ್’ ಫೋಲ್ಡರ್ ಒಳಗೆ ಹಾಕಿದ್ದರು. ವೆಬ್ ಸರ್ವರ್ ಬಳಸುತ್ತಿದ್ದದ್ದು ಅದನ್ನೇ. ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆ ಪ್ರತಿ ಅದರ ಲೆಕ್ಕದಲ್ಲೇ ಇರಲಿಲ್ಲ, ಅಷ್ಟೆ.

ಪ್ಯಾಕೇಜ್ ಮ್ಯಾನೇಜರ್ ಅಂದರೆ ಸಾಫ್ಟ್‌ವೇರ್ ಇಳಿಸಿಕೊಡುವ ಸಾಧನ ಎಂದು ಎಲ್ಲರೂ ತಿಳಿದಿರುತ್ತಾರೆ. ಇಳಿಸುವುದು ಅದರ ಸುಲಭದ ಕೆಲಸ. ಲೆಕ್ಕ ಇಡುವುದೇ ದೊಡ್ಡ ಕೆಲಸ. ಯಾವ ಫೈಲ್ ಯಾವ ಪ್ಯಾಕೇಜ್‌ನಿಂದ ಬಂತು, ಅದರ ಆವೃತ್ತಿ ಯಾವುದು, ಯಾರಿಗೆ ಯಾರು ಬೇಕು ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಡೆಬಿಯನ್‌ನಲ್ಲಿ ಈ ಲೆಕ್ಕ ಡಿಪಿಕೆಜಿಯದ್ದು. ರೆಡ್ ಹ್ಯಾಟ್ ಕಡೆಯ ಲಿನಕ್ಸ್‌ಗಳಲ್ಲಿ ಆರ್‌ಪಿಎಂನದ್ದು. ಅವುಗಳ ಮೇಲೆ ಕೂತಿರುವ ಆಪ್ಟ್ ಮತ್ತು ಡಿಎನ್‌ಎಫ್ ಆ ಲೆಕ್ಕ ನೋಡಿಯೇ ಏನು ತರಬೇಕು, ಯಾವುದನ್ನು ಮೊದಲು ಹಾಕಬೇಕು ಎಂದು ತೀರ್ಮಾನಿಸುತ್ತವೆ. ಲೆಕ್ಕದಲ್ಲಿ ಇಲ್ಲದ್ದು ಅವುಗಳ ಪಾಲಿಗೆ ಲೋಕದಲ್ಲೇ ಇಲ್ಲ.

ಹಾಗಾದರೆ ಜನ ಸೋರ್ಸ್‌ನಿಂದ ಯಾಕೆ ಹಾಕಿಕೊಳ್ಳುತ್ತಾರೆ? ಹೆಚ್ಚಿನ ಸಲ ಆವೃತ್ತಿಯ ಸಂಖ್ಯೆ ನೋಡಿ ಗಾಬರಿಯಾಗಿ. ಹಾರ್ಟ್‌ಬ್ಲೀಡ್ ಉದಾಹರಣೆಯನ್ನೇ ನೋಡಿ. ಮೂಲ ತಂಡ ದೋಷ ಸರಿಪಡಿಸಿದ್ದು 1.0.1ಜಿ ಆವೃತ್ತಿಯಲ್ಲಿ. ಡೆಬಿಯನ್ 7 ಮಾತ್ರ 1.0.1ಇ ಯಲ್ಲೇ ಉಳಿಯಿತು. ಆ ಒಂದು ತಿದ್ದುಪಡಿಯನ್ನು ಹಳೆಯ ಆವೃತ್ತಿಗೇ ಸೇರಿಸಿ, ಕೊನೆಯಲ್ಲಿ ‘ಡೆಬ್7ಯು5’ ಎಂಬ ಬಾಲ ಅಂಟಿಸಿ ಹೊರತಂದರು. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ನಡೆಯುತ್ತಿರುವ ಯಾವುದೂ ಮುರಿಯಬಾರದು, ತೂತು ಮಾತ್ರ ಮುಚ್ಚಬೇಕು ಎಂಬುದು ಇದರ ಉದ್ದೇಶ. ಬಾಲ ಓದದವರಿಗೆ ಅದು ಹಳೆಯ, ಅಪಾಯದ ಆವೃತ್ತಿಯಾಗಿಯೇ ಕಾಣುತ್ತದೆ. ಬರೀ ಸಂಖ್ಯೆ ನೋಡುವ ಸ್ಕ್ಯಾನರ್‌ಗಳೂ ಹೀಗೆಯೇ ಸುಮ್ನೆ ಹೆದರಿಸುತ್ತವೆ. ಸರ್ವರ್‌ನವರು ಕೈ ಹಾಕುವ ಮೊದಲು ಆ ಪ್ಯಾಕೇಜ್‌ನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು ನೋಡಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ.

ಆರ್ಚ್ ಲಿನಕ್ಸ್‌ನ ದಾರಿ ಬೇರೆ. ಅಲ್ಲಿ ಮೂಲ ತಂಡದ ಹೊಸ ಆವೃತ್ತಿಯೇ ನೇರವಾಗಿ ಬರುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಮೇಲೇರಿಸಬೇಕು. ಪ್ಯಾಕೇಜ್ ಪಟ್ಟಿಯನ್ನು ಮಾತ್ರ ಹೊಸದು ಮಾಡಿ ಒಂದೇ ಪ್ರೋಗ್ರಾಂ ಹಾಕಿದರೆ, ಅದರ ಜೊತೆ ಹೊಸ ಲೈಬ್ರರಿ ಬರಬಹುದು. ಹಳೆಯ ಲೈಬ್ರರಿ ನಂಬಿದ್ದ ಉಳಿದವು ಏಳದೇ ಹೋಗಬಹುದು. ಅರ್ಧಂಬರ್ಧ ಅಪ್‌ಡೇಟ್‌ಗೆ ಬೆಂಬಲ ಇಲ್ಲ ಎಂದು ಆರ್ಚ್‌ನವರೇ ಸ್ಪಷ್ಟವಾಗಿ ಹೇಳುತ್ತಾರೆ.

ಲಿನಕ್ಸ್ ಅಲ್ಲದ, ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯಲ್ಲಿ ಇನ್ನೊಂದು ತಿರುವು. ‘/ಯುಎಸ್‌ಆರ್/ಲೋಕಲ್’ ಅಂದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಾವೇ ಹಾಕಿದ್ದಕ್ಕೆ ಬಿಟ್ಟ ಜಾಗ. ಫ್ರೀಬಿಎಸ್‌ಡಿಯಲ್ಲಿ ಮಾತ್ರ ಅದರ ಪ್ಯಾಕೇಜ್ ಮ್ಯಾನೇಜರ್ ‘ಪಿಕೆಜಿ’ ತರುವ ಪ್ಯಾಕೇಜ್‌ಗಳೇ ಅದರೊಳಗೆ ಕೂರುತ್ತವೆ. ಮೂಲ ಸಿಸ್ಟಂ ಬೇರೆ ಲೆಕ್ಕ. ಬಹುಕಾಲದಿಂದ ಅದಕ್ಕೆ ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಎಂಬ ಬೇರೆಯದೇ ಸಾಧನ ಇದೆ. ಲಿನಕ್ಸ್‌ನಿಂದ ಬಂದವರು ಒಂದನ್ನು ಮಾಡಿ ಇನ್ನೊಂದನ್ನು ಮರೆತುಬಿಡುತ್ತಾರೆ.

ಯಾವ ಸಿಸ್ಟಂ ಮುಂದೆ ಕೂತರೂ ನಾನು ಮೊದಲು ಕಲಿಯುವುದು ಒಂದೇ ಪ್ರಶ್ನೆ: ಈ ಫೈಲ್ ಯಾರದ್ದು? ಡೆಬಿಯನ್, ಉಬುಂಟುಗಳಲ್ಲಿ ಡಿಪಿಕೆಜಿಗೆ ದೊಡ್ಡ ಎಸ್ ಅಕ್ಷರದ ಆಯ್ಕೆ ಕೊಟ್ಟು ಫೈಲ್‌ನ ಹಾದಿ ಬರೆದರೆ ಪ್ಯಾಕೇಜ್‌ನ ಹೆಸರು ಹೇಳುತ್ತದೆ. ಫ್ರೀಬಿಎಸ್‌ಡಿಯಲ್ಲಿ ‘ಪಿಕೆಜಿ ವಿಚ್’. ಆರ್‌ಪಿಎಂ, ಆರ್ಚ್‌ನ ಪ್ಯಾಕ್‌ಮನ್‌ಗಳಿಗೂ ಇಂಥದ್ದೇ ಆಯ್ಕೆಗಳಿವೆ. ಯಾರದ್ದೂ ಅಲ್ಲ ಎಂಬ ಉತ್ತರ ಬಂತು ಅಂದರೆ ಆ ಫೈಲ್‌ನ ಸುರಕ್ಷತೆ ನಿಮ್ಮ ಹೆಗಲ ಮೇಲಿದೆ, ಅಲ್ವಾ? ಪೈಥಾನ್ ಭಾಷೆಯ ಲೈಬ್ರರಿಗಳನ್ನು ಇಳಿಸುವ ‘ಪಿಪ್’ ಹಾಕಿದ್ದೂ ಡಿಪಿಕೆಜಿಯ ಲೆಕ್ಕಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಡೆಬಿಯನ್ ಕೊನೆಗೂ ಗಟ್ಟಿಯಾಯಿತು. 2023ರ ಡೆಬಿಯನ್ 12ರಿಂದ ಸಿಸ್ಟಂನ ಪೈಥಾನ್‌ಗೆ ಪಿಪ್ ನೇರವಾಗಿ ಏನನ್ನೂ ಹಾಕುವುದಿಲ್ಲ, ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರತ್ಯೇಕ ಫೋಲ್ಡರ್) ಮಾಡಿಕೊಳ್ಳಿ ಎನ್ನುತ್ತದೆ. ಕಿರಿಕಿರಿ ಎಂದವರು ಬಹಳ. ನನಗಂತೂ ತುಂಬಾ ಸಮಾಧಾನವಾಯಿತು.

ಲೆಕ್ಕ ಸರಿಯಿದ್ದರೂ ಒಂದು ಕೆಲಸ ಉಳಿಯುತ್ತದೆ. ಡಿಸ್ಕ್‌ನಲ್ಲಿ ಲೈಬ್ರರಿ ಬದಲಾದರೂ ಈಗಾಗಲೇ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ರೀಸ್ಟಾರ್ಟ್ ಮಾಡುವ ತನಕ ದೋಷವೂ ಓಡುತ್ತಲೇ ಇರುತ್ತದೆ. ‘ನೀಡ್‌ರೀಸ್ಟಾರ್ಟ್’ ಎಂಬ ಪುಟ್ಟ ಸಾಧನ ಅಂಥವನ್ನು ಹುಡುಕಿ ತೋರಿಸುತ್ತದೆ. ಸಿಸ್ಟಂನ ತಿರುಳಾದ ಕರ್ನಲ್ ಬದಲಾಗಿದ್ದರೆ ಸಾಮಾನ್ಯವಾಗಿ ಯಂತ್ರವನ್ನೇ ರೀಬೂಟ್ ಮಾಡಬೇಕು.

ಆ ಮೊದಲ ಸರ್ವರ್‌ನಲ್ಲಿ ಹಿಂದೆ ಯಾರೋ ಕೈಯಾರೆ ಹಾಕಿದ್ದ ಓಪನ್‌ಎಸ್‌ಎಸ್‌ಎಲ್ ಕಿತ್ತು, ವೆಬ್ ಸರ್ವರನ್ನು ಡೆಬಿಯನ್‌ನ ಪ್ಯಾಕೇಜ್‌ಗೆ ಬದಲಾಯಿಸಿದೆವು. ಸರ್ಟಿಫಿಕೇಟ್‌ನ ಖಾಸಗಿ ಕೀ ಆಗಲೇ ಸೋರಿರಬಹುದಾದ್ದರಿಂದ ಅದನ್ನೂ ಹೊಸದು ಮಾಡಿದೆವು. ಆಮೇಲೆ ಉಳಿದ ಸರ್ವರ್‌ಗಳ ‘/ಯುಎಸ್‌ಆರ್/ಲೋಕಲ್’ ತೆರೆದು ಒಂದೊಂದೇ ಫೈಲ್ ಪರಿಶೀಲಿಸಿದೆವು. ಇನ್ನೂ ಎರಡರಲ್ಲಿ ಅದೇ ಪ್ರತಿ ಸಿಕ್ಕಿತು.